ಅರಳಿಕಟ್ಟೆಯ ಪತ್ತೇದಾರ

ಶ್ರೀನಿವಾಸಪುರದ ಕಡೆ ಏನಾದರೂ ಕಳುವಾದರೆ ಜನ ಮೊದಲು ಹೋಗುವುದು ಠಾಣೆಗಲ್ಲ, ಅರಳಿಕಟ್ಟೆಗೆ. ಅಲ್ಲಿ ಪತ್ತೇದಾರಣ್ಣ ಕೂತಿರುತ್ತಾನೆ. ಇಂಥವನೊಬ್ಬನಿಲ್ಲದ ಊರನ್ನು ನಾನಂತೂ ಕಂಡಿಲ್ಲ. ಬೋರ್‌ವೆಲ್ ಕೇಬಲ್ ಕತ್ತರಿಸಿದವನು ಯಾರು, ರೇಟು ಏರಿದ ರಾತ್ರಿಯೇ ಟೊಮೆಟೊ ಕಿತ್ತವನು ಯಾರು, ಕೇಳಿದರೆ ತಕ್ಷಣ ಹೆಸರು ಹೇಳುತ್ತಾನೆ. ಹರೆಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಲೈಬ್ರರಿಯಿಂದ ತಂದು ಓದಿದವನು. ಸಿಕ್ಕಿದ ಪುಸ್ತಕಗಳಲ್ಲಿ ಕೊನೆಯ ಹಾಳೆ ಹರಿದುಹೋಗಿದ್ದವೇ ಜಾಸ್ತಿ. ಹಾಗಾಗಿ ಕೊಲೆಗಾರನನ್ನು ತಾನೇ ತೀರ್ಮಾನಿಸುವ ಅಭ್ಯಾಸ ಬೆಳೆಯಿತು.

ಮಾವು ಹೂ ಬಿಟ್ಟಿದ್ದ ಜನವರಿ. ಊರಾಚೆ ತೋಟದಲ್ಲಿಟ್ಟಿದ್ದ ತುಡುವೆ ಜೇನಿನ ಪೆಟ್ಟಿಗೆಯ ಮುಂದೆ ಸಂಜೆ ಹೊತ್ತಿಗೆ ಹುಳುಗಳ ಹೆಣ ರಾಶಿಬಿದ್ದಿತ್ತು. ಪತ್ತೇದಾರಣ್ಣ ಟಾರ್ಚು ಹಿಡಿದು ಬಂದ. ಸುತ್ತ ಒಂದು ಗೆರೆ ಎಳೆದ. ಪೆಟ್ಟಿಗೆಯ ಯಜಮಾನನನ್ನು ಕೇಳಿದ:

“ಸಾಯೋಕೆ ಮುಂಚೆ ಇವಕ್ಕೆ ಯಾರ ಜೊತೆಗಾದ್ರೂ ಗಲಾಟೆ ಆಗಿತ್ತೇನಣ್ಣ?”

“ಕಡಜದ ಕಾಟ ಇತ್ತು ಕಣಪ್ಪ.”

ಅದನ್ನು ಬರೆದುಕೊಂಡ. ಬರಗಾಲ ಬಂದರೆ ದುಡಿಯುವ ಹೆಣ್ಣು ಜೇನುಗಳು ಗಂಡು ಜೇನುಗಳನ್ನು ಗೂಡಿನಿಂದ ಹೊರಗಟ್ಟುತ್ತವೆ ಅಂತ ಯಾರೋ ಹೇಳಿದ್ದೇ ತಡ, “ಹಂಗಾದ್ರೆ ಮನೆಯೋರದೇ ಕೈವಾಡ! ಆಸ್ತಿ ಯಾರ ಹೆಸರಲ್ಲಿದೆ?” ಅಂದ.

ತನಿಖೆ ನಾಲ್ಕು ತಾಲ್ಲೂಕು ಸುತ್ತಿತು. ಮುಳಬಾಗಿಲಿಗೆ ಹೋದವನು ದೋಸೆ ತಿಂದು ಬಂದ. ಮಾಲೂರಿನಲ್ಲಿ ಗುಲಾಬಿ ಬೆಳೆಯುವವರನ್ನು ವಿಚಾರಿಸಿದ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಬಾಕ್ಸಿನ ರೇಟು ತಂದ, ಸುಳಿವಲ್ಲ. ಹಳೇ ಕಡತವೂ ಬಿಚ್ಚಿಕೊಂಡಿತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಹರಡಿ ದಕ್ಷಿಣ ಭಾರತದ ತುಡುವೆ ಗೂಡುಗಳು ಬಹುಪಾಲು ನಾಶವಾದವಲ್ಲ, ಆ ಕೇಸಿನಲ್ಲಿ ಇವನಿಗೆ ಇವತ್ತಿಗೂ ಸ್ವಂತ ಭಾವಮೈದುನನ ಮೇಲೆಯೇ ಗುಮಾನಿ.

ಕೊನೆಗೆ ತೋಟಗಾರಿಕೆ ಇಲಾಖೆಯವರೊಬ್ಬರು ಬಂದು ನೋಡಿದರು. ವೈರಸ್ಸಾದರೆ ಮರಿಹುಳುಗಳು ಕೋಶದೊಳಗೇ ನೀರು ತುಂಬಿದ ಚೀಲದ ಹಾಗೆ ಸಾಯುತ್ತವೆ. ಇಲ್ಲಿ ಸತ್ತಿರುವುದು ಮೇವಿಗೆ ಹೋಗಿದ್ದ ದೊಡ್ಡ ಹುಳುಗಳು, ನಾಲಿಗೆ ಹೊರಚಾಚಿವೆ. ಇದು ವಿಷ ಅಂದರು. ಜಿಗಿಹುಳುವಿಗೆ ಅಂತ ಹೂವಿನ ಮೇಲೆ ಹಗಲು ಹತ್ತು ಗಂಟೆಗೆ, ಜೇನು ಮಕರಂದ ಹೀರುವ ಹೊತ್ತಿಗೇ, ಔಷಧಿ ಹೊಡೆದಿದ್ದಾರೆ. ಹೂ ಅರಳುವ ಮುಂಚೆ ಹೊಡೆಯಬೇಕಿತ್ತು. ತೀರಾ ಬೇಕೇ ಬೇಕೆಂದರೆ ಸೂರ್ಯ ಮುಳುಗಿದ ಮೇಲಾದರೂ.

“ಆವತ್ತು ಯಾರ್‌ಯಾರು ಹೊಡೆದ್ರಿ?”

ಕಟ್ಟೆ ಮೇಲಿದ್ದವರೆಲ್ಲ ಆಕಾಶ ನೋಡಿದರು. ಪತ್ತೇದಾರಣ್ಣನಿಗೆ ಭಾರಿ ನಿರಾಸೆ. ಊರಿಗೆ ಊರೇ ಆರೋಪಿಯಾದರೆ ಅದು ಕೊಲೆ ಕೇಸಲ್ಲ, ಜಾತ್ರೆ ಅಂತ ಗೊಣಗಿದ. ಪೆಟ್ಟಿಗೆಗೆ ಹತ್ತಿರದ ತೋಟ ಯಾರದು ಅಂತ ಒಬ್ಬ ಹುಡುಗ ಕೇಳಿಯೇಬಿಟ್ಟ. ಅದು ಪತ್ತೇದಾರಣ್ಣನದೇ.

“ನಾನು ಹೂವಲ್ಲೇ ಗುತ್ತಿಗೆಗೆ ಕೊಟ್ಟಿದೀನಪ್ಪ. ಹೊಡೆದೋನು ವ್ಯಾಪಾರಿ. ಆವತ್ತು ನಾನು ಊರಲ್ಲೇ ಇರಲಿಲ್ಲ, ಬಸ್ ಟಿಕೆಟ್ ಐತೆ, ತೋರಿಸ್ಲಾ?”

ಕೇಸು ಮುಚ್ಚಿತು. ಯುಗಾದಿ ಕಳೆದ ಮೇಲೆ ಅವನಿಗೆ ಹೊಸದೊಂದು ಸಿಕ್ಕಿದೆ. ಅಷ್ಟೊಂದು ಹೂ ಬಿಟ್ಟ ತೋಟದಲ್ಲಿ ಕಾಯಿ ಕಚ್ಚಿದ್ದು ಬಹಳ ಕಮ್ಮಿ, ವ್ಯಾಪಾರಿ ಬಾಕಿ ದುಡ್ಡು ಕೊಡೋಲ್ಲ ಅನ್ನುತ್ತಿದ್ದಾನೆ. ಇದರಲ್ಲಿ ಯಾರದೋ ಕೈ ಇದೆ ಅಂತ ಪತ್ತೇದಾರಣ್ಣನಿಗೆ ಖಚಿತವಾಗಿದೆ. ಸದ್ಯಕ್ಕೆ ದಾಯಾದಿಯ ಮೇಲೆ ನಿಗಾ ಇಟ್ಟಿದ್ದಾನೆ.