ಎರಡನೇ ಸಲದ ಅಪ್ಪ

ಹೆರಿಗೆ ವಾರ್ಡಿನ ಹೊರಗೆ ಮೊದಲನೇ ಸಲದ ಅಪ್ಪ ನಿಂತಿರುತ್ತಾನೆ, ಎರಡನೇ ಸಲದ ಅಪ್ಪ ಕೂತಿರುತ್ತಾನೆ. ಗುರುತು ಹಿಡಿಯಲು ಇಷ್ಟು ಸಾಕು. ಮೊದಲನೆಯವನು ಬಾಗಿಲು ಕಿರ್ರೆಂದಾಗಲೆಲ್ಲ ಬೆಚ್ಚಿ ನರ್ಸಮ್ಮನ ಮುಖ ನೋಡುತ್ತಾನೆ. ಎರಡನೆಯವನು ಬಂದ ಕೂಡಲೇ ಪ್ಲಗ್ಗು ಎಲ್ಲಿದೆ ಎಂದು ಹುಡುಕಿ, ಅದರ ಪಕ್ಕದ ಕುರ್ಚಿ ಹಿಡಿದು, ಮೊಬೈಲನ್ನು ಚಾರ್ಜಿಗೆ ಹಾಕಿ ಕಾಲು ಚಾಚಿರುತ್ತಾನೆ. ಕ್ಯಾಂಟೀನಿನಲ್ಲಿ ಇಡ್ಲಿ ಎಷ್ಟು ಗಂಟೆಗೆ ಖಾಲಿಯಾಗುತ್ತದೆ, ಯಾವ ಲಿಫ್ಟು ಮೂರನೇ ಮಹಡಿಯಲ್ಲಿ ನಿಲ್ಲುವುದಿಲ್ಲ, ಇನ್ಶೂರೆನ್ಸ್ ಕೌಂಟರಿಗೆ ಊಟಕ್ಕೆ ಮುಂಚೆ ಹೋಗಬೇಕೋ ಆಮೇಲೆ ಹೋಗಬೇಕೋ, ಎಲ್ಲ ಬಲ್ಲ. ಇಷ್ಟು ಬಲ್ಲವನು ಬಾಯಿ ಮುಚ್ಚಿಕೊಂಡು ಇರುವುದು ಹೇಗೆ? ಎದುರಿಗೆ ನಿಂತವನನ್ನು ಮಾತಿಗೆಳೆಯುತ್ತಾನೆ.

“ಮೊದಲನೇದಾ?”

“ಹೂಂ ಸಾರ್.”

“ಹಂಗೇ ಆಗತ್ತೆ. ಕೂತ್ಕೊಳ್ಳಿ. ಫ್ಲಾಸ್ಕ್ ತಂದಿದೀರಾ?”

ಅವನು ತಂದಿಲ್ಲ. ಅವನು ತಂದಿರುವುದು ಒಂದು ಕ್ಯಾಮೆರಾ, ಮಗುವಿಗಿಂತ ದೊಡ್ಡದಾದ ಒಂದು ಗೊಂಬೆ ಕರಡಿ, ಮತ್ತು ಡಬ್ಬಿ ತುಂಬ ಡ್ರೈಫ್ರೂಟು.

“ಫ್ಲಾಸ್ಕ್ ಇಲ್ದೆ ಹೆರಿಗೆಗೆ ಬಂದ್ರಾ!” ಎಂದು ಈತ ತಲೆ ಅಲ್ಲಾಡಿಸುತ್ತಾನೆ. ಅಲ್ಲಿಂದ ಪಾಠ ಶುರು. ಮೆತ್ತಗಾದ ಹಳೇ ಕಾಟನ್ ಸೀರೆ ಹರಿದು ಇಟ್ಟುಕೊಂಡಿರಬೇಕು, ತಾಯಿ ಕಾರ್ಡನ್ನು ಮೊದಲೇ ಜೆರಾಕ್ಸ್ ಮಾಡಿಸಿರಬೇಕು, ಅತ್ತೆಗೆ ಮಲಗಲು ಚಾಪೆ ತಂದಿರಬೇಕು, ಮಗು ಮೊದಲ ವಾರ ತೂಕ ಇಳಿದರೆ ಗಾಬರಿ ಬೀಳಬಾರದು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮ ಇಣುಕಿ, “ಸ್ಕ್ಯಾನಿಂಗ್ ಫೈಲ್ ಎಲ್ರೀ?” ಎನ್ನುತ್ತಾರೆ. ಫೈಲು ಮನೆಯಲ್ಲಿ, ಫ್ರಿಜ್ಜಿನ ಮೇಲಿದೆ. ಮೊದಲನೇ ಸಲದವನು ತನ್ನ ಫೈಲನ್ನು ಎದೆಗವಚಿಕೊಂಡು ಇನ್ನಷ್ಟು ನೆಟ್ಟಗೆ ನಿಲ್ಲುತ್ತಾನೆ. ತಿಂಗಳವಾರು ಪ್ಲಾಸ್ಟಿಕ್ ಹಾಳೆಯೊಳಗೆ ಜೋಡಿಸಿದ ಫೈಲು ಅದು.

ಈತನ ಅನುಭವದ ಮೂಲವನ್ನು ಸ್ವಲ್ಪ ವಿಚಾರಿಸಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಹಾಗಾಗಿ ಮೊದಲನೇ ಬಾಣಂತನವನ್ನು ಈತ ನೋಡಿದ್ದು ಶನಿವಾರ, ಭಾನುವಾರ ಮಾತ್ರ. ಸಂಜೆ ಮೆಜೆಸ್ಟಿಕ್ಕಿನಲ್ಲಿ ಹಾಸನದ ಬಸ್ಸು ಹತ್ತಿ, ಒಂದು ಕೆ.ಜಿ. ಸೇಬು ಹಿಡಿದು ಇಳಿದರೆ ಅಳಿಯಂದಿರು ಬಂದರು ಎಂದು ಮನೆಯಲ್ಲಿ ಒಬ್ಬಟ್ಟು. ಮಗುವನ್ನು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಪೌಡರು ಬಳಿದು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ನಿದ್ದೆ ಹೋದ ಮೇಲೆ ಇವನ ತೊಡೆಯ ಮೇಲೆ ಮಲಗಿಸುತ್ತಿದ್ದರು. ತೊಡೆ ಒದ್ದೆಯಾದ ಕ್ಷಣ ಯಾರೋ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಫೋಟೋ ತೆಗೆದು, ಮಗು ನನ್ನನ್ನು ನೋಡಿ ನಕ್ಕಿತು ಎಂದು ಘೋಷಿಸಿ, ಭಾನುವಾರ ರಾತ್ರಿ ಚಕ್ಕುಲಿ ಕಟ್ಟಿಸಿಕೊಂಡು ವಾಪಸ್. ಅನುಭವ ಎಂದರೆ ಇದು.

ಎರಡನೆಯದು ಹಾಗಲ್ಲ. ಈಗ ಮೊದಲನೇ ಮಗು ಪುಟ್ಟಿ ಯುಕೆಜಿ. ವರ್ಷದ ಫೀಸು ಕಟ್ಟಾಗಿದೆ, ಆ ಫೀಸಿನ ಮೊತ್ತ ನೆನೆದರೆ ಒಂದು ದಿನವೂ ಶಾಲೆ ತಪ್ಪಿಸಲು ಮನಸ್ಸು ಬರುವುದಿಲ್ಲ. ಹೆಂಡತಿ ತವರಿಗೆ ಹೋಗುವಂತಿಲ್ಲವಾದ್ದರಿಂದ ತವರೇ ಎರಡು ಚೀಲ, ಒಂದು ಟ್ರಂಕಿನೊಂದಿಗೆ ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಗೆ ಬರುತ್ತದೆ. ಚೀಲದಲ್ಲಿ ಅಂಟು, ಒಣಕೊಬ್ಬರಿ, ಮೆಂತ್ಯ, ಬಜೆ, ಮಾಶಿಕಾಯಿ, ಹರಳೆಣ್ಣೆ. ಟ್ರಂಕಿನ ತಳದಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಗುಂಡುಕಲ್ಲು. ಬೆಂಗಳೂರಿನವರ ಮನೆಯಲ್ಲಿ ಮಿಕ್ಸಿ ಇರುತ್ತದೆಯೇ ಹೊರತು ಗುಂಡುಕಲ್ಲು ಇರುವುದಿಲ್ಲ ಎಂಬುದು ಅತ್ತೆಗೆ ಗೊತ್ತು. ತೊಟ್ಟಿಲಿಗೆ ಮಿಕ್ಸಿ ಹಾಕಿ ತೂಗಲಾಗುತ್ತದೆಯೆ?

ಬಂದ ದಿನವೇ ಅತ್ತೆ ಬಚ್ಚಲಿಗೆ ಹೋಗಿ 15 ಲೀಟರಿನ ಗೀಸರನ್ನು ನೋಡಿ, “ಇದು ಕೈ ತೊಳಿಯಕ್ಕಾ?” ಎಂದು ಕೇಳಿದರು. ಮೂರನೇ ದಿನ ಸಾಂಬ್ರಾಣಿ ಹೊಗೆ ಕಾರಿಡಾರಿಗೆ ಹಬ್ಬಿ ಸೆಕ್ಯುರಿಟಿಯವನು ಬೆಂಕಿ ಆರಿಸುವ ಸಿಲಿಂಡರು ಹೊತ್ತು ಓಡಿ ಬಂದ. ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡ ಸಂಗತಿ ಏನೆಂದರೆ ಬಾಣಂತಿ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಫ್ಯಾನು ಬಂದ್, ಕಿಟಕಿಗೆ ಪರದೆ. ಒಳಗೆ ಬಾಣಂತಿ, ಕೂಸು, ಎರೆಯುವ ಅಜ್ಜಿ, ಮೆಣಸಿನ ಸಾರು, ಅಧಿಕಾರ. ಹೊರಗೆ ಈತ ಮತ್ತು ಪುಟ್ಟಿ. ಎರಡನೇ ಮಗು ಹುಟ್ಟಿದಾಗ ಗಂಡಸಿನ ಕೈಗೆ ಬರುವುದು ಮೊದಲನೇ ಮಗು. ಇದನ್ನು ಯಾರೂ ಅವನಿಗೆ ಮೊದಲೇ ಹೇಳಿರುವುದಿಲ್ಲ, ವಾರ್ಡಿನ ಹೊರಗೆ ಅಷ್ಟೆಲ್ಲ ಪಾಠ ಹೇಳುವ ಅವನೂ ಇನ್ನೊಬ್ಬನಿಗೆ ಹೇಳುವುದಿಲ್ಲ.

ಪುಟ್ಟಿಗೂ ಆ ತನಕ ಮರ್ಯಾದೆ ಕಡಿಮೆಯಿರಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳದಂತೆ ಡಾಕ್ಟರರ ಬಾಯನ್ನು 1994ರ ಕಾಯ್ದೆ ಕಟ್ಟಿದೆ, ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಬೋರ್ಡೇ ಇದೆ. ಪುಟ್ಟಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವಲ್ಲ. ಬಂದ ನೆಂಟರೆಲ್ಲ ಅವಳ ನೆತ್ತಿಯ ಸುಳಿ ಎಣಿಸಿ, “ತಮ್ಮ ಬೇಕೋ ತಂಗಿ ಬೇಕೋ ಹೇಳು ಚಿನ್ನಾ” ಎಂದು ದೇವರ ಪ್ರಸಾದಕ್ಕೆ ಕಾದಂತೆ ಕಾಯುತ್ತಿದ್ದರು. ಅವಳು “ನಾಯಿಮರಿ” ಎಂದಿದ್ದಳು. ಹುಟ್ಟಿದ್ದು ತಮ್ಮ. ಆರತಿಗೊಬ್ಬಳು ಕೀರ್ತಿಗೊಬ್ಬ ಆಯಿತು ಎಂದು ಎಲ್ಲರೂ ಸಂತೋಷಪಟ್ಟರು. ನಾಯಿಮರಿಯ ಅರ್ಜಿ ಏನಾಯಿತೆಂದು ವಿಚಾರಿಸಿದವಳು ಪುಟ್ಟಿ ಒಬ್ಬಳೇ.

ಈಗ ಬೆಳಿಗ್ಗೆ ಏಳೂವರೆ ಗಂಟೆ. ಶಾಲೆಯ ವ್ಯಾನು ಎಂಟಕ್ಕೆ. ಪುಟ್ಟಿ ಮಣೆಯ ಮೇಲೆ ಕೂತಿದ್ದಾಳೆ. ಈತನ ಕೈಯಲ್ಲಿ ಬಾಚಣಿಗೆ, ಹಲ್ಲಲ್ಲಿ ಕಚ್ಚಿದ ರಬ್ಬರ್ ಬ್ಯಾಂಡು. ಎರಡು ಜಡೆ ಹಾಕಬೇಕು, ಕೆಂಪು ರಿಬ್ಬನ್ನು ಕಟ್ಟಬೇಕು, ಅದೂ ಮಡಿಸಿ ಕಟ್ಟಬೇಕು. ನೆತ್ತಿಯಿಂದ ಹೊರಟ ಬೈತಲೆ ಚಾರ್ಮಾಡಿ ಘಾಟಿಯ ರಸ್ತೆಯ ಹಾಗೆ ತಿರುಗಿ ತಿರುಗಿ ಬಲಗಿವಿಯ ಹಿಂದೆ ಇಳಿಯುತ್ತದೆ. ಅಳಿಸಿ ಮತ್ತೆ ಬಾಚುತ್ತಾನೆ. ಈ ಸಲ ಎಡಗಿವಿ.

“ಅಪ್ಪಾ, ಒಂದು ಜಡೆ ದಪ್ಪ, ಒಂದು ಸಣ್ಣ.”

“ಯಾರೂ ನೋಡಲ್ಲ ಬಿಡು.”

“ಮಿಸ್ ನೋಡ್ತಾರೆ.”

“ಮಿಸ್ಸಿಗೆ ತಮ್ಮ ಹುಟ್ಟಿದಾನೆ ಅಂತ ಹೇಳು.”

“ಹೇಳಾಯ್ತು. ನಿನ್ನೇನೂ ಹೇಳ್ದೆ.”

ಆಗ ಮುಚ್ಚಿದ ಬಾಗಿಲಾಚೆಯಿಂದ ಬಾಣಂತಿಯ ದನಿ: “ರೀ, ಇವತ್ತು ಬುಧವಾರ. ಬಿಳಿ ಯೂನಿಫಾರಂ!” ಪುಟ್ಟಿಯ ಮೈಮೇಲೆ ಚೌಕುಳಿಯದಿದೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫು ಬಿಗಿದು ಮಲಗಿದವಳಿಗೆ ಹಾಲಿನಲ್ಲಿ ಯಾವ ಬಣ್ಣದ ಬಟ್ಟೆ ಹಾಕಿದ್ದಾರೆಂದು ಕೇಳಿಸುವುದು ಹೇಗೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿದ್ದಂತಿಲ್ಲ.

ಟಿಫಿನ್ ಡಬ್ಬಿಗೂ ಶಾಸ್ತ್ರವಿದೆ ಎಂದು ಈತನಿಗೆ ಗೊತ್ತಾಗುವುದು ಈಗಲೇ. ದೋಸೆಯನ್ನು ಸುರುಳಿ ಸುತ್ತಬೇಕು, ಮಡಚಬಾರದು. ಚಟ್ನಿ ಇಡ್ಲಿಗೆ ತಾಗಬಾರದು. ಚಿತ್ರಾನ್ನದಲ್ಲಿ ಕಡಲೆಬೀಜ ಇರಬೇಕು, ಕಡಲೆಬೇಳೆ ಇರಬಾರದು. ಇದನ್ನೆಲ್ಲ ದಿನಾ ಯಾರೋ ಮಾಡುತ್ತಿದ್ದರು, ಡಬ್ಬಿ ತಾನಾಗಿಯೇ ತುಂಬಿಕೊಳ್ಳುತ್ತಿರಲಿಲ್ಲ ಎಂಬ ಅರಿವು ಮೂಡಿದಾಗ ಈತ ಹೆಂಡತಿಗೆ ಏನೂ ಹೇಳುವುದಿಲ್ಲ. ಹೇಳಿದರೆ ಮುಂದೆಯೂ ಮಾಡಬೇಕಾದೀತು.

ಶಾಲೆಯ ವಾಟ್ಸಾಪ್ ಗುಂಪಿಗೆ ಸೇರಿಸಿದ್ದು ಇನ್ನೊಂದು ದೀಕ್ಷೆ. ಅದರಲ್ಲಿ ಎಲ್ಲರೂ ಅಮ್ಮಂದಿರು. ರಾತ್ರಿ ಹತ್ತಕ್ಕೆ ತೆರೆದು ನೋಡಿದರೆ ಸಂಜೆ ನಾಲ್ಕಕ್ಕೇ ಬಂದ ಸಂದೇಶ: ನಾಳೆ ತರಕಾರಿ ದಿನ, ನಿಮ್ಮ ಮಗು ಬದನೆಕಾಯಿ. ಕೆಳಗೆ ಮೂವತ್ತು ಹೆಬ್ಬೆರಳುಗಳು. ಹತ್ತು ಗಂಟೆಗೆ ನೇರಳೆ ಬಣ್ಣದ ಚಾರ್ಟು ಯಾರು ಕೊಡುತ್ತಾರೆ? ಈತ ಕಪಾಟು ಕೆದಕಿ ಕಂದು ಬಣ್ಣದ ದಿಂಬಿನ ಕವರಿಗೆ ಕೈತೂತು ಕತ್ತರಿಸಿದ. ಪುಟ್ಟಿ ಆಲೂಗಡ್ಡೆಯಾಗಿ ಹೋದಳು. ಕವರು ಅತ್ತೆಯ ದಿಂಬಿನದು ಎಂಬುದು ಮರುದಿನ ಮಧ್ಯಾಹ್ನ ಬಯಲಾಯಿತು.

ಕಚೇರಿಯಲ್ಲಿ ಮಾತ್ರ ಈತ ಹೊಟ್ಟೆಕಿಚ್ಚಿಗೆ ಪಾತ್ರ. ಸರ್ಕಾರಿ ನೌಕರನಾದ್ದರಿಂದ ಪಿತೃತ್ವ ರಜೆ 15 ದಿನ. ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರಬೇಕೆಂಬ ಷರತ್ತಿರುವುದರಿಂದ ಇದು ಕಡೆಯ ಅವಕಾಶ. ಖಾಸಗಿ ಕಂಪನಿಯಲ್ಲಿರುವ ಹೆಂಡತಿಗೆ ಕಾನೂನಿನಂತೆ 26 ವಾರ. ಅದೂ ಮೊದಲೆರಡು ಮಕ್ಕಳಿಗೆ ಮಾತ್ರ. “ನಿಮಗೇನಪ್ಪಾ, ರಜಾ ಮಜಾ” ಎಂದು ಪಕ್ಕದ ಮೇಜಿನವರು ಅಂದಿದ್ದರು. ಹದಿನಾರನೇ ದಿನ ಈತ ಅಟೆಂಡರ್ ಬೀಗ ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಕಡತ ತೆರೆದಿಟ್ಟುಕೊಂಡು, ಯಾರೂ ಅಳದ ಒಂದು ಗಂಟೆಯನ್ನು ಅನುಭವಿಸಿದ.

ಎರಡನೆಯದು ಯಾಕೆ ಮಾಡಿಕೊಂಡಿರಿ ಎಂದು ಈಗಿನ ಕಾಲದಲ್ಲಿ ಜನ ಕೇಳಿಯೇ ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1.7. ಎರಡು ಭರ್ತಿಯಾದವನು ಸರಾಸರಿಯನ್ನು ಮೀರಿದ ಸಾಧಕ. “ಒಂದಕ್ಕೊಂದು ಜೊತೆಯಾಗತ್ತೆ ಅಂತ” ಎನ್ನುತ್ತಾನೆ ಈತ. ಎಲ್ಲರೂ ಹೇಳುವುದು ಅದನ್ನೇ. ನನ್ನ ಅಜ್ಜಿಯ ಕಾಲದಲ್ಲಿ ಈ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಎಂಟನೆಯದು ಹುಟ್ಟಿದ್ದು ತಾತನಿಗೆ ತೋಟದಿಂದ ಬಂದ ಮೇಲೆ ತಿಳಿಯುತ್ತಿತ್ತು; ಮೊದಲನೆಯದು ಅಷ್ಟು ಹೊತ್ತಿಗೆ ಏಳನೆಯದನ್ನು ಸೊಂಟಕ್ಕೇರಿಸಿಕೊಂಡು ಕುಂಟೆಬಿಲ್ಲೆ ಆಡುತ್ತಿತ್ತು.

ಜೊತೆಯಾಗುವ ಲಕ್ಷಣ ಸದ್ಯಕ್ಕಂತೂ ಕಾಣಲಿಲ್ಲ. “ಇದಕ್ಕೆ ಹಲ್ಲೇ ಇಲ್ಲ, ಹಲ್ಲಿರೋದು ತರಬಾರದಿತ್ತಾ?” ಎಂದು ಪುಟ್ಟಿ ತಗಾದೆ ತೆಗೆದಳು. ತನಗೂ ಬಾಟ್ಲಿಯಲ್ಲೇ ಹಾಲು ಬೇಕೆಂದಳು, ಬಿಟ್ಟುಹೋಗಿದ್ದ ತೊದಲು ಮತ್ತೆ ಶುರುವಾಯಿತು. ಇನ್ನು ಆ ಕೂಸಿನ ಸ್ಥಿತಿ ಬೇರೆ. ನಾಮಕರಣದ ತನಕ ಹೊಸ ಬಟ್ಟೆ ತೊಡಿಸಬಾರದು, ಹಳೆಯದೇ ಆಗಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಎರಡನೇ ಮಗುವಿನ ಪಾಲಿಗೆ ಆ ಪದ್ಧತಿ ಹೈಸ್ಕೂಲು ಮುಗಿಯುವವರೆಗೆ ಮುಂದುವರಿಯುತ್ತದೆ, ಅಷ್ಟೆ. ಪುಟ್ಟಿಯ ಮೊದಲ ಹಲ್ಲಿಗೆ ಪ್ರತ್ಯೇಕ ಆಲ್ಬಂ ಇದೆ. ತಮ್ಮನದೆಂದು ಫೋನಿನಲ್ಲಿರುವುದು ಲಸಿಕೆ ಕಾರ್ಡಿನ ಫೋಟೋ.

ತೊಟ್ಟಿಲು ಶಾಸ್ತ್ರದ ದಿನ ಹಾಸನದಿಂದ ಬಂದ ಗುಂಡುಕಲ್ಲಿಗೆ ಕುಲಾವಿ ತೊಡಿಸಿ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಹೆಂಗಸರು ಜೋಗುಳ ಹಾಡಿದರು. ಪುಟ್ಟಿ ಇಣುಕಿ ನೋಡಿದವಳೇ ಅಪ್ಪನ ಪಂಚೆ ಎಳೆದು, “ಇದು ಅಳಲ್ಲ, ಉಚ್ಚೆ ಮಾಡಲ್ಲ. ಇದನ್ನೇ ಇಟ್ಕೊಳ್ಳೋಣ” ಎಂದಳು. ನಿದ್ದೆಗೆಟ್ಟ ಆತನ ಮುಖದಲ್ಲಿ ಆ ಪ್ರಸ್ತಾವ ಒಂದು ಗಳಿಗೆ ಪರಿಶೀಲನೆಗೆ ಒಳಗಾದದ್ದನ್ನು ನಾನು ಕಂಡೆ.

ಬರಬರುತ್ತಾ ಒಂದು ಸಂಗತಿ ನಡೆಯಿತು, ಅದು ಯಾವ ದಿನವೆಂದು ಯಾರೂ ಗುರುತಿಟ್ಟಿಲ್ಲ. ಪುಟ್ಟಿ ಆಡುವಾಗ ಬಿದ್ದು ಮಂಡಿ ತರಚಿದರೆ “ಅಮ್ಮಾ” ಎನ್ನುತ್ತಿದ್ದವಳು “ಅಪ್ಪಾ” ಎಂದು ಕಿರುಚತೊಡಗಿದಳು. ಈತ ಅದನ್ನು ಕಚೇರಿಯಲ್ಲಿ ದೂರಾಗಿಯೇ ಹೇಳುತ್ತಾನೆ. “ನಾನು ಕಲಸಿಕೊಡ್ದಿದ್ರೆ ಊಟಾನೇ ಮಾಡಲ್ಲ ಮಾರಾಯ್ರೆ, ದೊಡ್ಡ ಕಾಟ.” ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ಹೇಳಿದ ಮೇಲೆ ಮೀಸೆ ಸವರಿಕೊಳ್ಳುತ್ತಾನೆ.

ಮಗು ನೋಡಲು ಬರುವವರದ್ದು ಒಂದು ಹಳೇ ತಮಾಷೆಯಿದೆಯಲ್ಲ, “ನಿನ್ನ ಪಾಪೂನ ನಮ್ಮನೆಗೆ ಕರ್ಕೊಂಡ್ ಹೋಗ್ತೀವಿ ಕಣೇ” ಎಂದು ದೊಡ್ಡದನ್ನು ಅಳಿಸುವುದು. ಮೊದಲ ವಾರ ಪುಟ್ಟಿ ತೊಟ್ಟಿಲು ತಬ್ಬಿ ಅತ್ತಿದ್ದಳು. ನಾಲ್ಕನೇ ವಾರ ದೊಡ್ಡಪ್ಪ ದೊಡ್ಡಮ್ಮ ಬಂದು ಅದೇ ಮಾತಾಡಿದಾಗ ಅವಳು ಎದ್ದು ಒಳಗೆ ಹೋದಳು. ಕುಲಾವಿ, ಬಟ್ಟೆಯ ಗಂಟು, ಗಿಲಕಿ, ಬಜೆ ತೇಯುವ ಸಾಣೆಕಲ್ಲು ಎಲ್ಲ ತಂದು ಅವರ ಚಪ್ಪಲಿಯ ಪಕ್ಕ ಜೋಡಿಸಿದಳು.

“ತಗೊಂಡ್ಹೋಗಿ ದೊಡ್ಡಪ್ಪ. ರಾತ್ರಿ ಎರಡು ಗಂಟೆಗೆ ಏಳತ್ತೆ. ಆಮೇಲೆ ಮಲಗಲ್ಲ.”

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು. ಈತ ಕುರ್ಚಿಯಿಂದ ಏಳಲೂ ಇಲ್ಲ. “ಪುಟ್ಟೀ, ಲಸಿಕೆ ಕಾರ್ಡೂ ಕೊಡಮ್ಮ. ಆರನೇ ವಾರದ್ದು ಬಾಕಿ ಇದೆ” ಎಂದ.

ಓದುಗರಲ್ಲಿ ಯಾರಾದರೂ ಸದ್ಯದಲ್ಲೇ ಇಂಥ ಮನೆಗೆ ಮಗು ನೋಡಲು ಹೊರಟಿದ್ದರೆ ಒಂದೆರಡು ವಿನಂತಿ. ಹಾರ್ಲಿಕ್ಸ್ ಬಾಟ್ಲಿ ಬೇಡ, ಅಡುಗೆಮನೆಯ ಶೆಲ್ಫು ತುಂಬಿದೆ. ಚಿಕ್ಕದಕ್ಕೆ ಏನು ಒಯ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡದಕ್ಕೊಂದು ಬಣ್ಣದ ಪೆನ್ಸಿಲಿನ ಡಬ್ಬಿ ಒಯ್ಯಿರಿ. ಕರೆದುಕೊಂಡು ಹೋಗುತ್ತೇವೆ ಎಂಬ ತಮಾಷೆ ಮಾಡಬೇಡಿ, ಈ ಮನೆಯಲ್ಲಿ ನಿಮ್ಮ ಕಾರಿನ ತನಕ ಬಂದು ಹತ್ತಿಸಿ ಹೋದಾರು. ಮತ್ತು ನಿಮ್ಮ ಪೈಕಿ ಎರಡು ಜಡೆ ಸಮನಾಗಿ ಹೆಣೆಯಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ಬೆಳಿಗ್ಗೆ ಏಳೂವರೆಗೆ ಕಳಿಸಿಕೊಡಿ. ವ್ಯಾನು ಎಂಟಕ್ಕೆ.