ಚಹಾ ಶಬ್ದದ ಹಕಾರಲೋಪ ವಿಚಾರ

ಚೀನದೇಶದ ಲಿಪಿಯಲ್ಲಿ ಚಹದ ಗಿಡಕ್ಕೆ ಸಲ್ಲುವ ಅಕ್ಷರದಲ್ಲಿ ಮೇಲೆ ಹುಲ್ಲು, ನಡುವೆ ಮನುಷ್ಯ, ಕೆಳಗೆ ಮರ ಇವೆ. ಕಹಿಸೊಪ್ಪೊಂದನ್ನು ಸೂಚಿಸುತ್ತಿದ್ದ ಹಳೆಯ ಅಕ್ಷರವೊಂದರಿಂದ ಒಂದು ಗೆರೆಯನ್ನು ಕಳೆದ ಈ ರೂಪವು ಟಾಂಗ್ ಅರಸರ ಕಾಲದಲ್ಲಿ ರೂಢವಾಯಿತು. 8ನೆಯ ಶತಮಾನದ ಲು ಯು ಎಂಬ ಪಂಡಿತನು ಚಹದ ಮೇಲೆ ಶಾಸ್ತ್ರಗ್ರಂಥವನ್ನೇ ರಚಿಸಿದನು. ಬರೆಹ ಒಂದಾದರೂ ಉಚ್ಚಾರ ಕ್ಯಾಂಟನ್ನಿನಲ್ಲಿ ‘ಚಾ’, ಫುಕಿಯೆನ್ ಕರಾವಳಿಯಲ್ಲಿ ‘ತೇ’. ಮಕಾವಿನ ಪೋರ್ಚುಗೀಸರು ಮೊದಲನೆಯದನ್ನೂ, ಫುಕಿಯೆನ್ ವರ್ತಕರೊಡನೆ ವ್ಯವಹರಿಸಿದ ಡಚ್ಚರು ಎರಡನೆಯದನ್ನೂ ಹಡಗು ಹತ್ತಿಸಿದರು. ಡಚ್ಚರದನ್ನು ಆಂಗ್ಲರು ಕಲಿತರು, ಆಂಗ್ಲರದನ್ನು ಮೈಸೂರಿನವರು ಕಲಿತು ‘ಟೀ’ ಎಂದರು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಜಿಲ್ಲೆಯಾದರೋ ಮರಾಠಿಯ ಸಹವಾಸದಿಂದ ‘ಚಹಾ’ ಎಂಬ ರೂಪವನ್ನು ಸ್ವೀಕರಿಸಿತು.

ಹುಳಿಮಣ್ಣನ್ನೂ ಹೇರಳ ಮಳೆಯನ್ನೂ ಬೇಡುವ ಆ ಗಿಡವು ನವಲಗುಂದದ ಎರೆಹೊಲದಲ್ಲಿ ಒಂದು ಋತುವೂ ಬದುಕಲಾರದು. ಆದರೂ ಹತ್ತಿ, ಕಡಲೆ, ಜೋಳಗಳ ಹೆಸರಿಗಿಂತ ಹೆಚ್ಚು ಸಲ ಅಲ್ಲಿ ನಾಲಗೆಯ ಮೇಲೆ ಹೊರಳುವುದು ಯಾರೂ ಕಾಣದ ಈ ಸಸ್ಯದ ಹೆಸರೇ. 941ರಲ್ಲಿ ಮಹಾಕಾವ್ಯ ಬರೆದ ಪಂಪನು, ತಾಯಿಯ ತವರಾದ ಅಣ್ಣಿಗೇರಿಯ ನಂಟು ಇದ್ದೂ, ಇದರ ವಿಷಯದಲ್ಲಿ ಮೌನವಾಗಿರುವುದಕ್ಕೆ ಅಂಗಡಿ ಇನ್ನೂ ತೆರೆದಿರಲಿಲ್ಲವೆಂಬುದೇ ನಮ್ಮ ಸಮಾಧಾನ.

ಇನ್ನು ಮುಖ್ಯ ಪ್ರಮೇಯ. ಕುಂದಗೋಳದ ಅಂಗಡಿಯ ಹಲಗೆಯ ಮೇಲೆ ‘ಚಹಾ’ ಎಂದು ಸ್ಪಷ್ಟವಾಗಿ ಬರೆದಿದ್ದರೂ ಗಿರಾಕಿಯು “ಎರಡು ಚಾ ಕೊಡ್ರೀ, ಕಡಕ್ ಇರ್ಲಿ” ಎನ್ನುತ್ತಾನಲ್ಲದೆ ಹಕಾರವನ್ನು ಮುಟ್ಟುವುದಿಲ್ಲ. ಚೀನರು ಗೆರೆ ಕಳೆದರು, ನಮ್ಮವರು ಅಕ್ಷರ ಕಳೆದರು ಎಂದು ಅವಸರದ ಭಾಷಾಶಾಸ್ತ್ರಜ್ಞನು ಇಲ್ಲಿಗೆ ನಿಲ್ಲಿಸಿಯಾನು. ಕೇಶಿರಾಜನಿಗೂ ಸಿಕ್ಕದ ಸೂಕ್ಷ್ಮವೊಂದು ಇದರಲ್ಲಿದೆ: ಚಾ ಬಸಿಗೆ ಸುರಿಯಲ್ಪಟ್ಟು, ಊದಲ್ಪಟ್ಟು, ‘ಸುರ್ರ್’ ಎಂಬ ಅನುಕರಣಾವ್ಯಯದೊಡನೆ ಗಂಟಲಿಗಿಳಿದ ಕೂಡಲೆ ಕುಡಿದವನ ಬಾಯಿಂದ ‘ಹಾ!’ ಎಂದು ಹೊರಡುವ ದೀರ್ಘ ನಿಃಶ್ವಾಸವು ಆ ಲುಪ್ತ ಹಕಾರವೇ ಹೊರತು ಬೇರೆಯಲ್ಲ. ವರ್ಣವು ಲೋಪವಾಗಿಲ್ಲ, ಸ್ಥಳಾಂತರವಾಗಿದೆ. ಕಲಘಟಗಿಯ ಮಳೆಗಾಲದಲ್ಲಿ ಗಿರ್ಮಿಟ್ಟು-ಮಿರ್ಚಿಗಳ ಸಂಯೋಗವಿದ್ದಾಗ ಈ ಹಕಾರವು ಪ್ಲುತವಾಗುವುದನ್ನೂ ಲಕ್ಷಿಸಬೇಕು.

ಅರ್ಥವಿಚಾರವನ್ನು ಸಂಕ್ಷೇಪಿಸುವೆವು. “ಚಾ ಆತೇನ್ರೀ?” ಎಂಬುದು ಕುಶಲಪ್ರಶ್ನೆ, “ಬರ್ರೀ, ಚಾ ಕುಡಿಯೂಣು” ಎಂಬುದು ಕೆಲವೆಡೆ ಸಂಧಾನ, ಕೆಲವೆಡೆ ಸಾಲದ ಪೀಠಿಕೆ. ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಚಾಪಾಣಿ’ ಎಂಬ ದ್ವಂದ್ವಸಮಾಸದಲ್ಲಾದರೆ ಚಹವೂ ಇಲ್ಲ, ನೀರೂ ಇಲ್ಲ. ಅಲ್ಲಿ ‘ಹಾ’ ಎನ್ನುವವನು ಪಡೆದವನು, ಕೊಟ್ಟವನು ಹೊರಗೆ ಬಂದು ‘ಹೂಂ’ ಎನ್ನುತ್ತಾನೆ. ಈ ಸ್ವರವ್ಯತ್ಯಾಸಕ್ಕೆ ಸೂತ್ರ ರಚಿಸುವ ಭಾರವನ್ನು ಕಚೇರಿಗೆ ಅಲೆದು ಪಳಗಿದ ವೈಯಾಕರಣರಿಗೆ ಬಿಡುತ್ತೇವೆ.