ಕಾವೇರಮ್ಮನವರಿಗೆ ಒಂದು ಒತ್ತುವರಿ ನೋಟಿಸು

ಇವರಿಗೆ,
ಶ್ರೀಮತಿ ಕಾವೇರಮ್ಮನವರು
ಕಾಯಂ ವಿಳಾಸ: ತಲಕಾವೇರಿ, ಬ್ರಹ್ಮಗಿರಿ
ಮಳೆಗಾಲದ ವಿಳಾಸ: ನಮ್ಮ ಮನೆಯ ಹಾಲ್

ವಿಷಯ: ಕುಶಾಲನಗರದ ನಮ್ಮ ಬಡಾವಣೆಯನ್ನು ತಾವು ಒತ್ತುವರಿ ಮಾಡಿರುವ ಬಗ್ಗೆ.
ಉಲ್ಲೇಖ: 2018 ಮತ್ತು 2019ರ ಆಗಸ್ಟ್ ತಿಂಗಳ ತಮ್ಮ ಭೇಟಿಗಳು.

ಮಾನ್ಯರೇ,

ಪ್ರತಿ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ದಿನ ತಾವು ತಲಕಾವೇರಿಯಲ್ಲಿ ತೀರ್ಥರೂಪದಲ್ಲಿ ಬರುತ್ತೀರಿ. ಗಳಿಗೆ, ಲಗ್ನ, ನಿಮಿಷ ಎಲ್ಲವೂ ಮೊದಲೇ ಪತ್ರಿಕೆಯಲ್ಲಿ ಬರುತ್ತದೆ. ಇಷ್ಟು ಶಿಸ್ತಿನವರು ಆಗಸ್ಟ್‌ನಲ್ಲಿ ಮಾತ್ರ ಹೇಳದೆ ಕೇಳದೆ, ನಡುರಾತ್ರಿ, ಚಪ್ಪಲಿಗಳನ್ನು ತೇಲಿಸಿಕೊಂಡು ಒಳಗೆ ಬರುವುದು ಯಾವ ನ್ಯಾಯ? ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳವರದ್ದೂ ಇದೇ ಅಳಲು. ಮಳೆ ಸುರಿಯುವುದು ಅಲ್ಲೆಲ್ಲೋ ಭಾಗಮಂಡಲದಲ್ಲಿ, ಫ್ರಿಜ್ಜು ತೇಲುವುದು ಇಲ್ಲಿ ನಮ್ಮದು.

ನಮ್ಮ ಊರಿನ ಇತಿಹಾಸ ತಮಗೆ ತಿಳಿಯದಿರಬಹುದೆಂದು ಬರೆಯುತ್ತಿದ್ದೇನೆ. ಮಗ ಟಿಪ್ಪು ಹುಟ್ಟಿದ ಕುಶಲ ವಾರ್ತೆ ಹೈದರಾಲಿಗೆ ಇಲ್ಲಿ ಮುಟ್ಟಿತು, ಹಾಗಾಗಿ ಕುಶಾಲನಗರ ಎಂಬುದು ಒಂದು ಕಥೆ. ಆ ಕಥೆಗೂ ಇಸವಿಗಳಿಗೂ ಅಷ್ಟೇನೂ ಕುಶಲವಿಲ್ಲ. 1834ರಲ್ಲಿ ಕೊಡಗನ್ನು ಹಿಡಿದ ಬ್ರಿಟಿಷರು ತಮ್ಮ ಕರ್ನಲ್ ಫ್ರೇಸರನ ಹೆಸರಿನಲ್ಲಿ ಇದನ್ನು ಫ್ರೇಸರ್‌ಪೇಟೆ ಮಾಡಿದರು. ಆಮೇಲೆ ಮತ್ತೆ ಕುಶಾಲನಗರವಾಯಿತು, ಈಗ ತಾಲ್ಲೂಕು ಕೇಂದ್ರವೂ ಆಗಿದೆ. ಇಷ್ಟು ಸಲ ಹೆಸರು ಬದಲಾದರೂ ತಾವೊಬ್ಬರೇ ಹಳೆಯ ದಾರಿಯನ್ನು ಬಿಡದಿರುವುದು ಅಭಿವೃದ್ಧಿಗೆ ಅಡ್ಡಿಯಾಗಿದೆ.

ಇನ್ನು ಸೌಕರ್ಯಗಳ ವಿಚಾರ. ನಾನು ಸೈಟು ಕೊಂಡಾಗ ಕೊಟ್ಟ ಬಣ್ಣದ ಕರಪತ್ರ ಇನ್ನೂ ನನ್ನಲ್ಲಿದೆ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರ, ನಿಸರ್ಗಧಾಮ ಹತ್ತಿರ, ದುಬಾರೆಯ ಆನೆಗಳು ಹತ್ತಿರ. ರೈಲೂ ಇನ್ನೇನು ಬಂದೇ ಬಿಡುತ್ತದಂತೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ‘ಕಾವೇರಿ ನಡಿಗೆಯ ದೂರದಲ್ಲಿ’. ನಡೆದು ಬರುವವರು ಯಾರು ಎಂದು ಅದರಲ್ಲಿ ಬರೆದಿರಲಿಲ್ಲ. ರೈಲು ಇಂದಿಗೂ ಸರ್ವೆಯಲ್ಲೇ ಇದೆ. ತಾವು ಮಾತ್ರ ಬಂದಿರಿ.

ನಾವು ತಮಗೇನು ಕಡಿಮೆ ಮಾಡಿದ್ದೇವೆ? ಹುಣ್ಣಿಮೆ ಬಂದರೆ ದಂಡೆಯಲ್ಲಿ ನಿಂತು ಆರತಿ ಎತ್ತುತ್ತೇವೆ. ಉಳಿದ ದಿನಗಳಲ್ಲಿ ಚರಂಡಿಯ ಮೂಲಕ ಸಂಪರ್ಕದಲ್ಲಿರುತ್ತೇವೆ. ಕಳಿಸಿದ್ದನ್ನೆಲ್ಲ ತಾವು ಬಾಗಿಲಿಗೇ ತಂದು ಹಿಂದಿರುಗಿಸಿದ್ದು ಸೌಜನ್ಯವೆನಿಸಲಿಲ್ಲ. ತಮ್ಮ ತಂಗಿ ಹಾರಂಗಿಯನ್ನು ನೋಡಿ ಕಲಿಯಬಾರದೆ? ಅಣೆಕಟ್ಟು ಕಟ್ಟಿ 8.5 ಟಿಎಂಸಿಯಷ್ಟು ಕೂಡಿಹಾಕಿದ್ದೇವೆ. ಗೇಟು ತೆಗೆದಾಗಷ್ಟೇ ಹೊರಟು ಕೂಡಿಗೆಯಲ್ಲಿ ತಮ್ಮನ್ನು ಸೇರುತ್ತಾಳೆ.

ನಮ್ಮ ಬಡಾವಣೆಯ ಜಾಗ ಮೊದಲು ಗದ್ದೆಯಾಗಿತ್ತು, ಹೊಳೆ ತುಂಬಿದಾಗ ನೀರು ಬಂದು, ಮೆಕ್ಕಲು ಬಿಟ್ಟು ಹೋಗುತ್ತಿತ್ತು ಎಂದು ಪಕ್ಕದ ಊರಿನ ಅಜ್ಜ ಹೇಳಿದರು. ಅವರ ಕಾಲದವರು ಮನೆಯನ್ನು ಎತ್ತರದಲ್ಲಿ ಕಟ್ಟಿ ಗದ್ದೆಯನ್ನು ತಗ್ಗಿನಲ್ಲಿ ಮಾಡಿದ್ದರಂತೆ. ಓದು ಬಾರದವರು, ಪಾಪ. ನಮ್ಮಲ್ಲಿ ಭೂ ಪರಿವರ್ತನೆಯ ಆದೇಶವಿದೆ, ನಕ್ಷೆಯಿದೆ, ಖಾತೆಯಿದೆ. ತಮ್ಮಲ್ಲೇನಿದೆ? ಈ ಜಾಗದ ಪಹಣಿಯಲ್ಲಿ ಎಲ್ಲಾದರೂ ತಮ್ಮ ಹೆಸರಿದ್ದರೆ ಹದಿನೈದು ದಿನದೊಳಗೆ ಹಾಜರುಪಡಿಸತಕ್ಕದ್ದು.

ತಮ್ಮ ಏಕೈಕ ದಾಖಲೆಯೆಂದರೆ ನಮ್ಮ ಹಾಲಿನ ಗೋಡೆಯ ಮೇಲೆ ಎದೆಮಟ್ಟಕ್ಕೆ ಎಳೆದ ಕೆಸರಿನ ಗೆರೆ. ಸರ್ವೆಯವರು ಹಾಕಿದ ಗೆರೆಗಿಂತ ಅದೇ ನೆಟ್ಟಗಿದೆ. ಎರಡು ಕೋಟು ಬಣ್ಣ ಹೊಡೆಸಿದ್ದೇನೆ, ಈಗ ಕಾಣುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಮನೆ ಮಾರಾಟಕ್ಕಿಟ್ಟಿದ್ದೇನೆ. ಬೆಂಗಳೂರಿನವರೊಬ್ಬರು ಬರುವ ಭಾನುವಾರ ನೋಡಲು ಬರುತ್ತಾರೆ. ನೋಂದಣಿ ಮುಗಿಯುವವರೆಗೆ ತಾವು ದಯವಿಟ್ಟು ಇತ್ತ ತಲೆ ಹಾಕಬಾರದು. ಜಾಹೀರಾತಿನಲ್ಲಿ ನಾನೂ ತಮ್ಮ ಹೆಸರನ್ನೇ ಹಾಕಿದ್ದೇನೆ: ‘ಕಾವೇರಿ ನಡಿಗೆಯ ದೂರದಲ್ಲಿ’.

ಇಂತಿ ತಮ್ಮ ವಿಶ್ವಾಸಿ,
ನದಿದಂಡೆಯ ಒಬ್ಬ ಖಾತೆದಾರ